ಸವದತ್ತಿ ಸೀಮೆಯಲ್ಲಿ ಭಾವಚಿತ್ರಕಲೆ

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ನಡುವಣ ಎರೆಯ ಸೀಮೆಯಲ್ಲಿ ಯಾವ ಹಳೆಯ ವಾಡೆಯ ಪಡಸಾಲೆಯನ್ನು ಹೊಕ್ಕರೂ, ಯಾವ ಮಠದ ಚಾವಡಿಯಲ್ಲಿ ಕುಳಿತರೂ, ತಲೆಯೆತ್ತಿದೊಡನೆ ಕಣ್ಣಿಗೆ ಬೀಳತಕ್ಕದ್ದು ತೊಲೆಯ ಕೆಳಗೆ ಸಾಲಾಗಿ ತೂಗಹಾಕಿದ ಮುಖಗಳ ಪಂಕ್ತಿ: ಜರಿಯ ರುಮಾಲಿನ ದೇಸಾಯರು, ಕಾವಿಯನ್ನುಟ್ಟ ಹಿರಿಯ ಸ್ವಾಮಿಗಳು, ಇಳಕಲ್ಲ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಕುರ್ಚಿಯ ಅಂಚಿನಲ್ಲಿ ಬಿಗಿದು ಕುಳಿತ ಅಜ್ಜಿಯರು. ಗಾಜಿನ ಮೇಲೆ ವಿಭೂತಿಯ ಗುರುತು, ಕಟ್ಟಿನ ಸುತ್ತ ಹೂಮಾಲೆ, ಹಬ್ಬದ ದಿನ ಕೆಳಗೊಂದು ಊದಿನಕಡ್ಡಿ. ಇವಿಷ್ಟು ಉಪಚಾರಗಳು ಅವಕ್ಕೆ ತಪ್ಪದೆ ಸಲ್ಲುತ್ತವೆ. ಮನೆಯವರು ಅವುಗಳಿಗೆ ಕೈಮುಗಿಯುವರು, ಮಕ್ಕಳಿಗೆ ತೋರಿಸಿ ಸಂಬಂಧವನ್ನು ಹೇಳಿಕೊಡುವರು. ಆದರೆ ಅವನ್ನು ಚಿತ್ರಗಳೆಂದು ನೋಡುವವರು, ಅಂದರೆ ಆ ಹಣೆಯ ಮೇಲೆ ಬಿದ್ದ ಬೆಳಕು ಎತ್ತಣಿಂದ ಬಂದಿತು, ಆ ಕಣ್ಣಿನ ಕೆಳಗಣ ನೆಳಲನ್ನು ಯಾರ ಕೈ ಹಾಕಿತು ಎಂದು ಕೇಳುವವರು, ವಿರಳ. ಆ ನೆಳಲು ಬೆಳಕುಗಳ ಹಿಂದೆ ಹಾರ್ಲೆಮ್, ಲಂಡನ್, ಪ್ಯಾರಿಸ್, ಮುಂಬಯಿಗಳ ಚಿತ್ರಶಾಲೆಗಳ ಸುದೀರ್ಘವಾದ ಪರಂಪರೆಯೊಂದು ಉಂಟು. ಅದು ಮಲಪ್ರಭೆಯ ದಂಡೆಗೆ ಬಂದು ತಲುಪಿದ ಬಗೆಯನ್ನೂ, ಬಂದ ಮೇಲೆ ಯಾರ ಮುಖಗಳನ್ನು ಆರಿಸಿಕೊಂಡಿತೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮುಖವನ್ನು ಭಕ್ತಿಯಿಂದ ನೋಡುವ ಸಂಸ್ಕಾರವು ಈ ಸೀಮೆಗೆ ಬಹು ಪುರಾತನವಾದುದು. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಉಧೋ ಉಧೋ ಎನ್ನುತ್ತ ಎಲ್ಲಮ್ಮನ ಗುಡ್ಡವನ್ನೇರುವ ಜನರು ತಾಸುಗಟ್ಟಲೆ ಪಾಳಿಯಲ್ಲಿ ನಿಂತು ಬಯಸುವುದು ದೇವಿಯ ಮುಖದರ್ಶನದ ಒಂದೇ ಒಂದು ಕ್ಷಣವನ್ನು. ಊರೂರು ತಿರುಗುವ ಜೋಗತಿಯರು ತಲೆಯ ಮೇಲೆ ಹೊತ್ತ ಜಗದಲ್ಲಿಯೂ ಬಂಡಾರ, ಹೂವು, ನವಿಲುಗರಿಗಳ ನಡುವೆ ಎದ್ದು ಕಾಣತಕ್ಕದ್ದು ಲೋಹದಲ್ಲಿ ರೂಪುಗೊಂಡ ಆ ತಾಯಿಯ ಮುಖವೇ. ಆದರೆ ದೇವತೆಯ ಮುಖಕ್ಕೆ ವಯಸ್ಸಿಲ್ಲ, ದಣಿವಿಲ್ಲ, ನಿನ್ನೆಗೂ ಇಂದಿಗೂ ವ್ಯತ್ಯಾಸವಿಲ್ಲ. ಮರ್ತ್ಯನಾದ ಒಬ್ಬ ವ್ಯಕ್ತಿಯ ಮುಖವನ್ನು, ಅದರ ಸೊಟ್ಟಮೂಗು ಸುಕ್ಕುಗಳೊಡನೆ ಇದ್ದಂತೆಯೇ ಹಿಡಿದಿಡುವ ಕುತೂಹಲ ನಮ್ಮ ಪ್ರಾಚೀನ ಶಿಲ್ಪಿಗಳಿಗೆ ಅಷ್ಟಾಗಿ ಇರಲಿಲ್ಲವೆನ್ನಬೇಕು. ಒಂಬತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಸುಗಂಧವರ್ತಿಯಿಂದಲೂ ಅನಂತರ ವೇಣುಗ್ರಾಮದಿಂದಲೂ ಆಳಿದ ರಟ್ಟ ಮಾಂಡಲಿಕರ ಹೆಸರು, ಬಿರುದು, ವಂಶಾವಳಿ, ದತ್ತಿಗಳನ್ನು ಸವದತ್ತಿಯ ಶಾಸನಗಳು ವಿಸ್ತಾರವಾಗಿ ಹೇಳುತ್ತವೆ. ಅವರಲ್ಲಿ ಒಬ್ಬನ ಮುಖಚರ್ಯೆ ಹೇಗಿದ್ದಿತೆಂಬುದನ್ನು ಮಾತ್ರ ಹೇಳುವುದಿಲ್ಲ. ಊರಗಸೆಯ ವೀರಗಲ್ಲುಗಳಲ್ಲಿಯೂ ಹೀಗೆಯೇ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಎಂಬ ಕ್ರಮದಲ್ಲಿ ಕಡೆದ ಆ ಕಲ್ಲುಗಳಲ್ಲಿ ಒಂದೂರಿನ ವೀರನ ಮುಖವನ್ನು ಇನ್ನೊಂದೂರಿನ ವೀರನಿಗೆ ಕೊಟ್ಟರೂ ಯಾರಿಗೂ ಅನ್ಯಾಯವಾಗದು.

ಈ ನಿಯಮಕ್ಕೆ ಅಪವಾದದಂತಿರುವ ಒಂದು ಕಲ್ಲು ಧಾರವಾಡದ ಹತ್ತಿರದ ಯಾದವಾಡದಲ್ಲಿದೆ. ದಕ್ಷಿಣ ದಿಗ್ವಿಜಯವನ್ನು ಮುಗಿಸಿ ಮರಳುತ್ತಿದ್ದ ಶಿವಾಜಿಯ ಸೇನೆಯನ್ನು 1678ರಲ್ಲಿ ಬೈಲಹೊಂಗಲದ ಬೆಳವಡಿಯಲ್ಲಿ ಅಲ್ಲಿಯ ರಾಣಿ ಮಲ್ಲಮ್ಮನು ಎದುರಿಸಿದ ಕಥೆ ಈ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ಆ ವೈರ ಸೌಹಾರ್ದದಲ್ಲಿ ಮುಗಿದ ಮೇಲೆ ಮಲ್ಲಮ್ಮನೇ ಕಡೆಯಿಸಿದಳೆಂದು ಪ್ರತೀತಿಯುಳ್ಳ ಆ ಶಿಲ್ಪದಲ್ಲಿ, ಅಶ್ವಾರೂಢನಾದ ಶಿವಾಜಿಯೂ, ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಶಿವಾಜಿಯೂ ಕಾಣಿಸಿಕೊಂಡಿದ್ದಾರೆ. ಅದೇ ಕಾಲದ ಆಜುಬಾಜಿನಲ್ಲಿ ಗೋಲ್ಕೊಂಡೆಯ ಚಿತ್ರಕಾರರು ಡಚ್ಚ ವರ್ತಕರಿಗಾಗಿ ದಖನ್ನಿನ ರಾಜರ, ಸರದಾರರ ಸಣ್ಣ ಭಾವಚಿತ್ರಗಳನ್ನು ಬರೆದುಕೊಡುತ್ತಿದ್ದರು. ಶಿವಾಜಿಯ ಚಿತ್ರವೂ ಹಾಗೆ ಹಡಗನ್ನೇರಿ ಹಾಲೆಂಡಿಗೆ ಹೋಯಿತು. ಹೀಗೆ ಒಬ್ಬನೇ ವ್ಯಕ್ತಿ ಇಲ್ಲಿ ಒಂದು ಹಳ್ಳಿಯ ಗುಡಿಯ ಕಲ್ಲಿನಲ್ಲಿಯೂ ಅಲ್ಲಿ ಆಮ್‌ಸ್ಟರ್ಡಾಮಿನ ಶ್ರೀಮಂತರ ಸಂಪುಟಗಳಲ್ಲಿಯೂ ಏಕಕಾಲಕ್ಕೆ ನೆಲೆಗೊಂಡನು.

ಹಾಲೆಂಡಿನ ಮಾತು ಬಂದುದು ಆಕಸ್ಮಿಕವಾಗಿಯಲ್ಲ. ಈ ಸೀಮೆಯೆಲ್ಲ ಬಿಜಾಪುರದ ಆದಿಲಶಾಹಿಯ ಆಳ್ವಿಕೆಯಲ್ಲಿದ್ದಾಗ, ಸಂಗೀತ ಚಿತ್ರಗಳೆರಡರಲ್ಲಿಯೂ ಮನಸೋತ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ, 1610ರ ಸುಮಾರಿನಲ್ಲಿ, ಕಾರ್ನೆಲಿಸ್ ಹೇಡಾ ಎಂಬ ಡಚ್ಚ ಚಿತ್ರಕಾರನು ಬಂದು ಸೇರಿದನು. ಅವನ ಊರು ಹಾರ್ಲೆಮ್. ಪ್ರಾಗ್ ನಗರದ ಸಾಮ್ರಾಟ ರೂಡಾಲ್ಫನ ಆಶ್ರಯದಲ್ಲಿ ಕೆಲಸಮಾಡಿ ಬಂದಿದ್ದ ಅವನು ಬಿಜಾಪುರದಲ್ಲಿಯೇ ಉಳಿದು ಅಲ್ಲಿಯೇ ಜೀವನವನ್ನು ಕಳೆದನು. ಹೇಡಾ ಇಲ್ಲಿ ರಾಜನಿಗಾಗಿ ಬಣ್ಣ ಕಲಸುತ್ತಿದ್ದ ಕಾಲಕ್ಕೆ ಅವನ ತವರೂರಿನಲ್ಲಿ ಫ್ರಾನ್ಸ್ ಹಾಲ್ಸ್ ಎಂಬ ತರುಣನು ಭಾವಚಿತ್ರಕಲೆಯ ದಿಕ್ಕನ್ನೇ ತಿರುಗಿಸುವ ಕಾರ್ಯವನ್ನು ಆರಂಭಿಸಿದ್ದನು. ಹತ್ತಿರದಿಂದ ನೋಡಿದರೆ ಅಡ್ಡಾದಿಡ್ಡಿಯಾಗಿ ಎಳೆದಂತೆ ತೋರುವ ಅವನ ಕುಂಚದ ಗೀಟುಗಳು ನಾಲ್ಕು ಹೆಜ್ಜೆ ಹಿಂದೆ ಸರಿದೊಡನೆ ನಗುವ ಕೆನ್ನೆಯಾಗಿ, ಜರಿಯ ಕೊರಳಪಟ್ಟಿಯಾಗಿ, ಉಸಿರಾಡುವ ಮನುಷ್ಯನಾಗಿ ಕೂಡಿಕೊಳ್ಳುತ್ತವೆ. ಎಂಬತ್ತು ದಾಟಿದ ವಯಸ್ಸಿನಲ್ಲಿ, 1664ರಲ್ಲಿ, ಹಾರ್ಲೆಮಿನ ವೃದ್ಧಾಶ್ರಮದ ಆಡಳಿತಗಾರ್ತಿಯರನ್ನು ಅವನು ಬರೆದ ಚಿತ್ರದಲ್ಲಿ ಕಪ್ಪುಡುಗೆಯ ಐವರು ಮುದುಕಿಯರ ಮುಖ ಕೈಗಳ ಹೊರತು ಬೆಳಗುವ ವಸ್ತು ಹೆಚ್ಚಾಗಿ ಇಲ್ಲ. ಅಷ್ಟರಲ್ಲಿಯೇ ಐದು ಬಾಳುಗಳ ದಾರ್ಢ್ಯವೂ ಬಳಲಿಕೆಯೂ ಅಡಕವಾಗಿವೆ. ಅವನ ಸಮಕಾಲೀನನಾದ ರೆಂಬ್ರಾಂಟನು ಇನ್ನೂ ಒಳಕ್ಕೆ ಹೋದವನು. ಅರ್ಧ ಮುಖವನ್ನು ಕತ್ತಲೆಗೆ ಬಿಟ್ಟು, ಉಳಿದರ್ಧದ ಮೇಲೆ ಮಂದವಾದ ಬಂಗಾರದ ಬೆಳಕನ್ನು ಬೀಳಿಸಿ, ನೋಡುವವನೇ ಆ ಕತ್ತಲೆಯನ್ನು ಹೊಕ್ಕು ಮನುಷ್ಯನನ್ನು ಹುಡುಕುವಂತೆ ಮಾಡುವ ಅವನ ರೀತಿಗೆ ಯುರೋಪಿನಲ್ಲಿ ಸರಿಗಟ್ಟಿದವರು ಕಡಿಮೆ. ಅಂಥವನು ತನ್ನ ಐವತ್ತರ ಪ್ರಾಯದಲ್ಲಿ ಹಿಂದುಸ್ಥಾನದಿಂದ ಬಂದ ಮೊಗಲ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಜಹಾಂಗೀರ್ ಶಾಹಜಹಾನರ ರೂಪಗಳನ್ನು ಶಿಷ್ಯನ ವಿನಯದಿಂದ ನಕಲುಮಾಡಿದನೆಂಬುದು ಕಲಾಚರಿತ್ರೆಯ ಒಂದು ಸೊಗಸಾದ ಸಂಗತಿ. ಯುರೋಪೂ ಹಿಂದುಸ್ಥಾನವೂ ಒಂದನ್ನೊಂದು ನೋಡುತ್ತಿದ್ದ ಆ ಶತಮಾನದಲ್ಲಿ ಗುರು ಯಾರು, ಶಿಷ್ಯ ಯಾರು ಎಂಬ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ.

ಆ ಪ್ರಶ್ನೆ ಹುಟ್ಟಿದುದು ಕಂಪನಿಯ ಸರಕಾರ ಬಂದ ಮೇಲೆ. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಅವನಿಗೆ ನೆರವಾದನು. ಆರು ವರ್ಷಗಳು ಕಳೆದ ಮೇಲೆ ಆ ದೊರೆ ಮಕ್ಕಳಿಲ್ಲದೆ ತೀರಿಕೊಂಡು, ದತ್ತಕವನ್ನು ಕಂಪನಿ ಒಪ್ಪದೆ, 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಾಳಗವಾಗಿ, ಧಾರವಾಡದ ಕಲೆಕ್ಟರನಾದ ಸೇಂಟ್ ಜಾನ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಆ ಕಾಳಗವನ್ನು ಮುನ್ನಡೆಸಿದ್ದ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ದೇಹವಿಟ್ಟಳು. ಈ ಚರಿತ್ರೆಯ ಪಾತ್ರಗಳನ್ನು ಭಾವಚಿತ್ರಗಳ ದೃಷ್ಟಿಯಿಂದ ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಬೇಕು. ಮನ್ರೋನನ್ನು ಬರೆದವನು ಮಾರ್ಟಿನ್ ಆರ್ಚರ್ ಶೀ. ಚೆನ್ನಮ್ಮನ ಮೊರೆಯನ್ನು ಕೇಳಬೇಕಾಗಿದ್ದ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ ಎದುರು ಕುಳಿತುದು ಥಾಮಸ್ ಲಾರೆನ್ಸನಿಗೆ. ಇವರಿಬ್ಬರೂ ಲಂಡನ್ನಿನ ರಾಯಲ್ ಅಕಾಡೆಮಿಯ ಅಧ್ಯಕ್ಷಪದವಿಯನ್ನು ಒಬ್ಬರ ಹಿಂದೊಬ್ಬರು ಅಲಂಕರಿಸಿದ ಮಹಾಚಿತ್ರಕಾರರು. ಕಿತ್ತೂರಿನಲ್ಲಿ ಸತ್ತ ಥ್ಯಾಕರೆಯ ಅಣ್ಣನ ಮಗನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ಮುಂದೆ ಪ್ರಖ್ಯಾತ ಕಾದಂಬರಿಕಾರನಾಗುವ ಮುನ್ನ, ಚಿತ್ರಕಾರನಾಗುವ ಹಂಬಲದಿಂದ ಪ್ಯಾರಿಸಿಗೆ ಹೋಗಿ ಲೂವ್ರ್ ಸಂಗ್ರಹಾಲಯದಲ್ಲಿ ಪ್ರಾಚೀನ ಗುರುಗಳ ಚಿತ್ರಗಳೆದುರು ಕುಳಿತು ನಕಲು ತೆಗೆಯುತ್ತಿದ್ದನು. ಗೆದ್ದವರ ಪಕ್ಷದಲ್ಲಿ ಹೀಗೆ ಪ್ರತಿಯೊಬ್ಬರ ಸುತ್ತಲೂ ಚಿತ್ರಕಲೆಯ ಪರಿವಾರವಿದ್ದಿತು. ಸೋತ ಪಕ್ಷದ ರಾಣಿಯದೆಂದು ನಾವು ಇಂದು ಮನೆಮನೆಯಲ್ಲಿ ಕಾಣುವ ಮುಖವಾದರೋ ಉತ್ತರಕಾಲದ ಕಲಾವಿದರ ಭಾವನೆಯಿಂದ ಮೂಡಿದುದು. ಯಾರ ಮುಖ ಉಳಿಯಬೇಕೆಂಬುದನ್ನು ಆ ಕಾಲದಲ್ಲಿ ಕುಂಚಕ್ಕಿಂತ ಮೊದಲು ಖಡ್ಗವೂ ಖಜಾನೆಯೂ ನಿರ್ಣಯಿಸುತ್ತಿದ್ದವು.

1836ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಬೆಳಗಾವಿಯು 1956ರ ತನಕ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಈ ಸೀಮೆಯ ಚಿತ್ರಕಲೆಯ ಭವಿಷ್ಯವು ಮೈಸೂರಿನ ಅರಮನೆಯಲ್ಲಿ ನಿರ್ಧಾರವಾಗದೆ ಮುಂಬಯಿಯಲ್ಲಿ ನಿರ್ಧಾರವಾಯಿತು. ಮೈಸೂರಿನಲ್ಲಿ 1885ರಲ್ಲಿ ರವಿವರ್ಮನು ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಬಂದು ರಾಜಪರಿವಾರವನ್ನು ಬರೆದನು. ಅಲ್ಲಿ ಕಲೆ ರಾಜಾಶ್ರಯವನ್ನು ನೆಚ್ಚಿ ಬೆಳೆಯಿತು. ಇತ್ತ ಕಡೆಗೆ 1857ರಲ್ಲಿ ಸ್ಥಾಪಿತವಾದ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಎಂಬ ಶಾಲೆ, ಅದರ ಪಠ್ಯಕ್ರಮ, ಅದರ ಪರೀಕ್ಷೆಗಳು, ಅದರಿಂದ ಪದವಿ ಪಡೆದು ಹೈಸ್ಕೂಲುಗಳಿಗೆ ಹಂಚಿಹೋದ ಡ್ರಾಯಿಂಗ್ ಮಾಸ್ತರರು, ಇವರು ಕಲೆಯನ್ನು ಜಿಲ್ಲೆಯ ಊರುಗಳಿಗೆ ತಂದರು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಗ್ರೇಡ್ ಪರೀಕ್ಷೆಗೆ ಕಟ್ಟಿದ ಹುಡುಗನು ಹೂಜಿ ಪೆಟ್ಟಿಗೆಗಳ ಮೇಲೆ ಬೆಳಕು ಬಿದ್ದಾಗ ನೆಳಲು ಎಲ್ಲಿ ಗಾಢ, ಎಲ್ಲಿ ತಿಳಿ ಎಂಬುದನ್ನು ಪೆನ್ಸಿಲಿನಿಂದ ಅಭ್ಯಸಿಸುತ್ತಿದ್ದನು; ತನಗರಿವಿಲ್ಲದೆಯೇ ಅವನು ರೆಂಬ್ರಾಂಟನ ಮೊದಲ ಪಾಠವನ್ನು ಕಲಿಯುತ್ತಿದ್ದನು. ಮುಂದೆ ಹೋದವರಿಗೆ ಮುಂಬಯಿಯಲ್ಲಿ ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಪ್ರತಿಗಳು, ಆಮೇಲೆ ಸಜೀವ ವ್ಯಕ್ತಿಯನ್ನು ಎದುರು ಕುಳ್ಳಿರಿಸಿ ಬರೆಯುವ ಹೆಡ್ ಸ್ಟಡಿ. ಕೊಲ್ಹಾಪುರದಿಂದ ಹೋಗಿ ಅದೇ ಶಾಲೆಯಲ್ಲಿ ದೀರ್ಘಕಾಲ ಕಲಿಸಿದ ಎಂ.ವಿ. ಧುರಂಧರ, ಪೂರ್ವದೇಶದ ರೆಂಬ್ರಾಂಟನೆಂದೇ ಹೆಸರಾದ ಗೋವೆಯ ಎ.ಎಕ್ಸ್. ತ್ರಿಂದಾದೆ, ಇಂಥವರ ಕೈಯಲ್ಲಿ ಯುರೋಪಿನ ಭಾವಚಿತ್ರಪದ್ಧತಿ ನಮ್ಮ ಚರ್ಮದ ಶ್ಯಾಮಲ ವರ್ಣಕ್ಕೆ, ನಮ್ಮ ಬಿಸಿಲಿಗೆ, ನಮ್ಮ ಉಡುಗೆಯ ಮಡಿಕೆಗಳಿಗೆ ಹೊಂದಿಕೊಂಡಿತು. ಕೊಲ್ಹಾಪುರವಂತೂ ಈ ಸೀಮೆಗೆ ನೆರೆಯದೇ. ರಾಮದುರ್ಗದ ಸಮೀಪದ ತೊರಗಲ್ಲು ಕೋಟೆಯ ಶಿಂದೆ ಮನೆತನವು ಆ ಸಂಸ್ಥಾನಕ್ಕೇ ಅಧೀನವಾಗಿದ್ದಿತು.

ಇದರ ಜೊತೆಗೇ ಬಂದ ಎರಡು ಯಂತ್ರಗಳು ಜನಸಾಮಾನ್ಯರ ಕಣ್ಣನ್ನು ತಿದ್ದಿದವು. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದ ಲಕ್ಷ್ಮೀ ಸರಸ್ವತಿಯರು, ತೈಲವರ್ಣದ ನೆಳಲುಬೆಳಕುಗಳೊಡನೆಯೇ, ಅಲ್ಪ ಬೆಲೆಗೆ ಮನೆಗಳ ಜಗಲಿಯನ್ನು ಸೇರಿದರು. ಇಂದಿಗೂ ಎಲ್ಲಮ್ಮನ ಜಾತ್ರೆಯಲ್ಲಿ ಕಟ್ಟುಹಾಕಿ ಮಾರುವ ದೇವರ ಪಟಗಳು ಆ ವಂಶಕ್ಕೆ ಸೇರಿದವುಗಳೇ. ಎರಡನೆಯದು ಫೋಟೋಗ್ರಾಫಿನ ಕ್ಯಾಮರಾ. ಅದು ಬಂದ ಮೇಲೆ ಚಿತ್ರಕಾರನ ಬಳಿಗೆ ಕುಳಿತುಕೊಳ್ಳಲು ಬರುವವರು ಕಡಿಮೆಯಾಗಿ, ತೀರಿಕೊಂಡ ಹಿರಿಯರ ಸಣ್ಣ ಫೋಟೋವನ್ನು ತಂದು ದೊಡ್ಡದು ಮಾಡಿಕೊಡೆಂದು ಕೇಳುವವರು ಹೆಚ್ಚಾದರು. ನಮ್ಮ ಪಡಸಾಲೆಗಳ ಬಹುಪಾಲು ಚಿತ್ರಗಳ ಮೂಲ ಇದು. ಅವುಗಳಲ್ಲಿಯ ಬಿಗುವಿಗೆ ಕಾರಣವೂ ಇದೇ: ಚಿತ್ರಕಾರನು ಆ ವ್ಯಕ್ತಿಯನ್ನು ಕಂಡಿರಲಿಲ್ಲ, ಅವನ ಎದುರಿಗಿದ್ದುದು ಕ್ಯಾಮರಾದ ಮುಂದೆ ಉಸಿರುಬಿಗಿಹಿಡಿದು ಕುಳಿತಿದ್ದ ಒಂದು ಗಳಿಗೆ ಮಾತ್ರ.

ಫ್ರಾನ್ಸಿನಲ್ಲಿ ಇದೇ ಕ್ಯಾಮರಾ ಬೇರೊಂದು ಫಲವನ್ನು ಕೊಟ್ಟಿತು. ಇದ್ದುದನ್ನು ಇದ್ದಂತೆ ದಾಖಲಿಸುವ ಹೊರೆಯನ್ನು ಯಂತ್ರವು ಹೊತ್ತ ಮೇಲೆ, ಆ ಕ್ಷಣದ ಬೆಳಕು, ಆ ಕ್ಷಣದ ಮನೋಧರ್ಮ ಇವುಗಳನ್ನು ಹಿಡಿಯುವುದಕ್ಕೆ ಕುಂಚವು ಸ್ವತಂತ್ರವಾಯಿತು. 1874ರಲ್ಲಿ ಇಂಪ್ರೆಶನಿಸ್ಟರ ಪ್ರಥಮ ಪ್ರದರ್ಶನವು ಪ್ಯಾರಿಸಿನಲ್ಲಿ ನಡೆದುದು ನದಾರ್ ಎಂಬ ಪ್ರಖ್ಯಾತ ಛಾಯಾಚಿತ್ರಕಾರನು ಹಿಂದೆ ಸ್ಟುಡಿಯೋ ಮಾಡಿಕೊಂಡಿದ್ದ ಮಹಡಿಯಲ್ಲಿಯೇ. ಅವರಿಗೆ ದಾರಿ ತೋರಿದ ಎದ್ವಾರ್ ಮಾನೆ 1872ರಲ್ಲಿ ಹಾಲೆಂಡಿಗೆ ಹೋಗಿ ಹಾರ್ಲೆಮಿನಲ್ಲಿ ಹಾಲ್ಸನ ಚಿತ್ರಗಳ ಮುಂದೆ ನಿಂತನು. ಇನ್ನೂರು ವರ್ಷಗಳ ಹಿಂದಣ ಆ ಬಿಚ್ಚುಗೈಯ ಗೀಟುಗಳಲ್ಲಿ ಅವನಿಗೆ ತನ್ನ ಪೂರ್ವಜನು ಕಂಡನು. ಅದೇ ವರ್ಷ ಅವನು ಬರೆದ ಚಿತ್ರಕಾರ್ತಿ ಬರ್ತ್ ಮೊರಿಸೊಳ ಚಿತ್ರದಲ್ಲಿ ಕಪ್ಪು ಟೋಪಿ, ಕಪ್ಪುಡುಗೆಗಳ ನಡುವೆ ಮುಖದ ಅರ್ಧಕ್ಕೆ ಬೆಳಕು, ಅರ್ಧಕ್ಕೆ ನೆಳಲು. ಆದರೂ ಅದು ರೆಂಬ್ರಾಂಟನ ದೀಪದ ಬೆಳಕಲ್ಲ, ಕಿಟಕಿಯಿಂದ ಬಂದ ಬರಿಯ ಹಗಲು. ರೆನ್ವಾರ್ 1878ರಲ್ಲಿ ಬರೆದ ಮದಾಂ ಶಾರ್ಪಾಂತಿಯೇ ಮತ್ತು ಆಕೆಯ ಮಕ್ಕಳ ಚಿತ್ರದಲ್ಲಾದರೆ ನೆಳಲೂ ಬಣ್ಣವನ್ನು ಬಿಟ್ಟುಕೊಟ್ಟಿಲ್ಲ. ಪ್ರಾಚೀನ ಗುರುಗಳನ್ನೂ ಇವರನ್ನೂ ಪರಸ್ಪರ ವಿರೋಧಿಗಳೆಂದು ಎಣಿಸುವ ವಾಡಿಕೆ ಉಂಟು. ಹಾರ್ಲೆಮಿನಿಂದ ಪ್ಯಾರಿಸಿಗೆ ಬಂದ ಈ ಎಳೆಯನ್ನು ಹಿಡಿದು ನೋಡಿದವರು ಹಾಗೆನ್ನಲಾರರು.

ಈ ಎರಡನೆಯ ದೀಕ್ಷೆಯೂ ನಮ್ಮ ಸೀಮೆಗೆ ತಡವಾಗಿಯಾದರೂ ತಲುಪಿತು. 1930ರ ದಶಕದ ಉತ್ತರಾರ್ಧದಲ್ಲಿ ಚಾರ್ಲ್ಸ್ ಜೆರಾರ್ಡರು ಮುಂಬಯಿ ಶಾಲೆಯ ನಿರ್ದೇಶಕರಾದಾಗ ಬಣ್ಣವನ್ನು ಧಾರಾಳವಾಗಿ ಬಳಸುವ ಹೊಸ ಯುರೋಪಿನ ಗಾಳಿ ಅಲ್ಲಿ ಬೀಸತೊಡಗಿತು. ಅವರಿಗಿಂತ ಮುಂಚೆಯೇ ಕೊಲ್ಹಾಪುರದ ಆಬಾಲಾಲ್ ರಹಿಮಾನರು ಊರ ಕೆರೆಯ ಮುಂಜಾವು ಬೈಗುಗಳನ್ನು ಅದೇ ಬಗೆಯ ಕಣ್ಣಿನಿಂದ ಬರೆದಿದ್ದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಹುಬ್ಬಳ್ಳಿಯಲ್ಲಿ ಮಿಣಜಿಗಿಯವರ ಶಾಲೆ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಚಿತ್ರಮಂದಿರ, ಹೀಗೆ ಸರಕಾರದ ದೊಡ್ಡ ಆಶ್ರಯವಿಲ್ಲದೆ, ಒಬ್ಬೊಬ್ಬ ಗುರುವಿನ ಮನೋಬಲದ ಮೇಲೆ ನಿಂತ ವಿದ್ಯಾಲಯಗಳು ಉತ್ತರ ಕರ್ನಾಟಕದ ಉದ್ದಕ್ಕೂ ಎದ್ದವು. ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಕಡೆಯ ಕೈಚಳಕವುಳ್ಳ ಹುಡುಗನಿಗೆ ಮುಂಬಯಿ ದೂರ. ಬೆಳಗಾವಿ ಧಾರವಾಡಗಳಾದರೆ ಬಸ್ಸಿನ ದಾರಿ. ಕುಲಕರ್ಣಿಯವರು ಸ್ವತಃ ಸಿದ್ಧಹಸ್ತರಾದ ಭಾವಚಿತ್ರಕಾರರು. ಅವರ ಚಿತ್ರಮಂದಿರದಲ್ಲಿ ಅಭ್ಯಾಸಮಾಡಿದ, ಬೆಳಗಾವಿಯಲ್ಲಿಯೇ 1935ರಲ್ಲಿ ಹುಟ್ಟಿದ ರವಿ ಪರಾಂಜಪೆಯವರು ಮುಂದೆ ದೇಶದ ಹೆಸರಾಂತ ಚಿತ್ರಕಾರರಲ್ಲೊಬ್ಬರಾಗಿ, 2022ರಲ್ಲಿ ತೀರಿಕೊಳ್ಳುವವರೆಗೂ ಆ ಗುರುವಿನ ಋಣವನ್ನು ಸ್ಮರಿಸುತ್ತಿದ್ದರು.

ಈ ಶಾಲೆಗಳ ಅಭ್ಯಾಸಕ್ರಮದಲ್ಲಿ ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರುವುದು ಭಾವಚಿತ್ರದ ತರಗತಿ. ಮಾದರಿಯಾಗಿ ಕುಳಿತುಕೊಳ್ಳಲು ದೇಸಾಯರು ಬರುವಂತಿಲ್ಲ, ಸಾವಕಾರರಿಗೆ ವ್ಯವಧಾನವಿಲ್ಲ. ಆದುದರಿಂದ ಸಂತೆಗೆ ಬಂದ ಮುಪ್ಪಿನ ಒಕ್ಕಲಿಗನನ್ನೋ, ಕಂಬಳಿ ಹೊದ್ದ ಕುರುಬನನ್ನೋ, ಕಾಯಿಪಲ್ಲೆ ಮಾರುವ ಮುದುಕಿಯನ್ನೋ ನಾಲ್ಕು ಕಾಸು ಕೊಟ್ಟು ಕರೆತಂದು, ಎತ್ತರದ ಸ್ಟೂಲಿನ ಮೇಲೆ ಕುಳ್ಳಿರಿಸಿ, ಒಂದು ಪಕ್ಕದ ಕಿಟಕಿಯನ್ನಷ್ಟೆ ತೆರೆದು, ಹತ್ತಾರು ವಿದ್ಯಾರ್ಥಿಗಳು ಸುತ್ತುವರಿದು ಬರೆಯುವರು. ಗುರುವು ಸಭಿಕರ ಮುಂದೆ ಒಂದೆರಡು ತಾಸಿನಲ್ಲಿ ಒಂದು ಮುಖವನ್ನು ಬರೆದು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿಯೂ ಕೆಂಪು ರುಮಾಲಿನ, ಬಿಳಿಯ ಮೀಸೆಯ ಇಂಥ ಅಜ್ಜನೇ ನಾಯಕನು. ಮೊದಲು ಇದ್ದಿಲಿನಿಂದ ತಲೆಯ ವಾಲು, ಹೆಗಲಿನ ರೇಖೆ. ಬಳಿಕ ನೆಳಲಿನ ದೊಡ್ಡ ರಾಶಿಗಳು. ಅವು ಸರಿಬಿದ್ದ ಮೇಲೆ ಕೆನ್ನೆಯೆಲುಬಿನ ಮೇಲಣ ಬೆಚ್ಚನೆಯ ಬಣ್ಣ. ಕಣ್ಣಿನ ಮಿಂಚು ಕಟ್ಟಕಡೆಗೆ. ಹೀಗೆ ಬರೆಯುವಾಗ ಕೈಗೆ ಅನುಕೂಲವಾದುದು ಮುಖಸ್ತುತಿ ಮಾಡಬೇಕಾದ ಭಯವಿಲ್ಲದಿರುವಿಕೆ. ದೇಸಾಯರ ಮುಖದ ಸುಕ್ಕನ್ನು ತೆಗೆದುಬಿಡಬೇಕಾಗುತ್ತಿತ್ತು. ಒಕ್ಕಲಿಗನ ಸುಕ್ಕನ್ನು ಎಷ್ಟು ನಿಷ್ಠೆಯಿಂದ ಬರೆದರೆ ಅಷ್ಟು ಮೆಚ್ಚುಗೆ. ಹಾಲ್ಸನ ಆಡಳಿತಗಾರ್ತಿಯರನ್ನೂ ರೆಂಬ್ರಾಂಟನ ಮುದುಕರನ್ನೂ ಅಮರರನ್ನಾಗಿ ಮಾಡಿದ ಗುಣವು, ಅಂದರೆ ಇರುವ ಮುಖವನ್ನು ಸಹಾನುಭೂತಿಯಿಂದ, ಆದರೆ ದಾಕ್ಷಿಣ್ಯ ತೋರದೆ ನೋಡುವ ಗುಣವು, ನಮ್ಮಲ್ಲಿ ಪೂರ್ಣವಾಗಿ ಅರಳಿದುದು ವಾಡೆಯ ಗೋಡೆಗಳ ಮೇಲಲ್ಲ, ಈ ತರಗತಿಗಳ ಕಾಗದಗಳ ಮೇಲೆ.

ಇತ್ತ ಸಾರ್ವಜನಿಕ ಸ್ಮರಣೆಗಾಗಿ ಬೇಕಾದ ಚಿತ್ರಗಳು ಬೇರೆ ಹಾದಿಯನ್ನು ಹಿಡಿದವು. ಸವದತ್ತಿಯ ಸೀಮೆಗೇ ಸೇರಿದ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನೆಲ್ಲ ವಿದ್ಯಾದಾನಕ್ಕೆ ಬರೆದುಕೊಟ್ಟು ತ್ಯಾಗವೀರರೆನಿಸಿದರು; ಅವರ ಹೆಸರಿನ ಕಾಲೇಜು 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾಯಿತು. ಕ್ಯಾಮರಾದ ಕಾಲದಲ್ಲಿ ಬಾಳಿದ ಅವರ ಮುಖವನ್ನು ಕಲ್ಪಿಸಬೇಕಾಗಿಲ್ಲ. ಕಿತ್ತೂರಿನ ರಾಣಿಯ ವಿಷಯದಲ್ಲಿ ಕಲಾವಿದರಿಗೆ ಅಂಥ ಆಧಾರವಿರಲಿಲ್ಲವಾಗಿ, ಅವರು ಲಾವಣಿಗಳನ್ನೂ ನಾಟಕದ ಪರದೆಗಳನ್ನೂ ಈ ಕಡೆಯ ಗಂಡುಮೆಟ್ಟಿನ ಹೆಣ್ಣುಮಕ್ಕಳ ಚಹರೆಯನ್ನೂ ಕೂಡಿಸಿ ಒಂದು ಮುಖವನ್ನು ಕಟ್ಟಿದರು. 1961ರ ಚಲಚ್ಚಿತ್ರದಲ್ಲಿ ಬಿ. ಸರೋಜಾದೇವಿಯವರ ಅಭಿನಯವು ಆ ರೂಪವನ್ನು ಜನಮನದಲ್ಲಿ ಇನ್ನಷ್ಟು ಊರಿಸಿತು. 1977ರಲ್ಲಿ ಅಂಚೆಚೀಟಿಯಾಗಿ, 2007ರಲ್ಲಿ ಸಂಸತ್ತಿನ ಆವರಣದ ಪ್ರತಿಮೆಯಾಗಿ ಆಕೆ ರಾಷ್ಟ್ರಕ್ಕೆ ಪರಿಚಿತಳಾದಳು. ಇವುಗಳನ್ನು ಭಾವಚಿತ್ರಗಳೆಂದು ಅಳೆದರೆ ತಪ್ಪಾದೀತು. ಎಲ್ಲಮ್ಮನ ಮುಖದಂತೆ ಇವೂ ದರ್ಶನಕ್ಕಾಗಿ ನಿರ್ಮಿತವಾದುವು. ಲಾರೆನ್ಸನು ಬರೆದ ಎಲ್ಫಿನ್‌ಸ್ಟನ್ನನ ಮುಖದಲ್ಲಿ ಒಬ್ಬ ಮನುಷ್ಯನಿದ್ದಾನೆ. ಚೆನ್ನಮ್ಮನ ಮುಖದಲ್ಲಿ ಒಂದು ಜನಾಂಗದ ಬಯಕೆಯಿದೆ. ಎರಡಕ್ಕೂ ತಕ್ಕ ಗೌರವ ಸಲ್ಲಬೇಕಾದರೆ ಎರಡರ ಭೇದವನ್ನು ಅರಿತಿರಬೇಕು.

ಪ್ರಾಚೀನ ಗುರುಗಳ, ಇಂಪ್ರೆಶನಿಸ್ಟರ ಮೂಲಚಿತ್ರಗಳನ್ನು ನೋಡಲು ಆಮ್‌ಸ್ಟರ್ಡಾಮಿಗೋ ಪ್ಯಾರಿಸಿಗೋ ಹೋಗುವ ಭಾಗ್ಯ ಈ ಸೀಮೆಯ ಎಷ್ಟು ಜನರಿಗೆ ಒದಗೀತು? ಆದರೆ ಅವರು ಕಲಿಸಿದ ನೋಟಕ್ಕೆ ಅಭ್ಯಾಸ ಮಾಡಿಕೊಳ್ಳಲು ಬೇಕಾದ ಸಾಮಗ್ರಿ ಇಲ್ಲಿಯೇ ಉಂಟು. ಬೆಳಗಾವಿ, ಧಾರವಾಡ, ಗದಗುಗಳ ಕಲಾಶಾಲೆಗಳ ಕಪಾಟುಗಳಲ್ಲಿ, ನಿವೃತ್ತರಾದ ಡ್ರಾಯಿಂಗ್ ಮಾಸ್ತರರ ಮನೆಯ ಅಟ್ಟಗಳ ಮೇಲೆ, ಸುರುಳಿಸುತ್ತಿ ಇಟ್ಟ ಆ ರೈತರ, ಕುರುಬರ, ಕೂಲಿಯ ಹೆಂಗಸರ ಮುಖಗಳಿವೆ. ಒಂದು ಶತಮಾನದಲ್ಲಿ ಈ ನಾಡಿನ ಮನುಷ್ಯರು ಹೇಗಿದ್ದರೆಂಬುದಕ್ಕೆ ಅವುಗಳಷ್ಟು ಪ್ರಾಮಾಣಿಕವಾದ ಸಾಕ್ಷಿ ಯಾವ ವಾಡೆಯ ಗೋಡೆಯ ಮೇಲೂ ಇಲ್ಲ. ಅವುಗಳಿಗೆ ಹುಳುವೂ ತೇವವೂ ತಗಲದಂತೆ ನೋಡಿಕೊಳ್ಳುವುದು ದೊಡ್ಡ ವೆಚ್ಚದ ಕಾರ್ಯವಲ್ಲ. ಅದಕ್ಕಿಂತಲೂ ಸುಲಭವಾದುದು, ಪ್ರತಿಯೊಂದರ ಹಿಂಬದಿಯಲ್ಲಿ ಬರೆದವನ ಹೆಸರು, ಕುಳಿತವನ ಹೆಸರು, ಅವನ ಊರು, ವರ್ಷ ಇಷ್ಟನ್ನು ಬರೆದಿಡುವುದು. ರೆಂಬ್ರಾಂಟನ ಎದುರು ಕುಳಿತ ಮುದುಕ ಮುದುಕಿಯರ ಹೆಸರುಗಳಿಗಾಗಿ ಇಂದು ಪಂಡಿತರು ಮುನ್ನೂರೈವತ್ತು ವರ್ಷಗಳ ಹಿಂದಣ ಕಾಗದಪತ್ರಗಳನ್ನು ಶೋಧಿಸಬೇಕಾಗಿದೆ. ನಮ್ಮ ಅಜ್ಜಂದಿರ ಹೆಸರನ್ನಾದರೆ ಅದೇ ಓಣಿಯಲ್ಲಿ ಇನ್ನೂ ಯಾರಾದರೊಬ್ಬರು ಹೇಳಬಲ್ಲರು.